ಹಸಿರು ದೀಪ ಹತ್ತಿದ ಮೇಲೆ

ಮೋಸಂಬಿ ಚೀಲ ತೊಡೆಯ ಮೇಲಿದ್ದರೆ ಆಸ್ಪತ್ರೆಗೆ ಹೊರಟವನಂತೆ ಕಾಣುತ್ತೇನೆ, ಕಾಲ ಬುಡದಲ್ಲಿಟ್ಟರೆ ಹಣ್ಣು ಉರುಳಿ ಬಸ್ಸಿನವರೆಲ್ಲ ಬಗ್ಗಿ ಹುಡುಕಬೇಕಾಗುತ್ತದೆ ಎಂದು ರಂಗನಾಯಕ ಅದನ್ನು ಮೇಲೆ ಕೆಳಗೆ ಮಾಡುತ್ತಲೇ ಇದ್ದ. ಚಾಮರಾಜನಗರ ಬಿಟ್ಟಾಗಿನಿಂದ ಪಕ್ಕದ ಮುದುಕ ಅವನನ್ನೇ ನೋಡುತ್ತಿದ್ದ. "ಯಾರ್ಗಪ್ಪ ಉಸಾರಿಲ್ಲ?" ಎಂದು ಕೊನೆಗೆ ಕೇಳಿಯೇಬಿಟ್ಟ. "ಉಸಾರಿಲ್ದೆ ಯಾನ ತಾತ, ಗುಂಡ್ಲುಪೇಟೆಲಿ ಹೆಣ್ ನೋಡಾಕ್ ಓಯ್ತಾ ಇವ್ನಿ. ಬರೀ ಕೈಲಿ ಓದ್ರೆ ಮಾವ ಒಳಿಕ್ ಬುಟ್ಟಾನಾ?" ಬಾಯಿ ಅವನಿಗಿಂತ ಮೊದಲೇ ಉತ್ತರ ಕೊಟ್ಟಿತ್ತು. ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಕ್ಕ. ಹಿಂದಿನ ಸೀಟಿನವರೂ ನಕ್ಕರು. ಎಲ್ಲಿ ಹೋದರೂ ಹೀಗೇ. ಯಾರಾದರೂ ನಗುವವರೆಗೂ ತಾನು ಅಲ್ಲಿದ್ದೇನೆ ಎಂಬ ಗ್ಯಾರಂಟಿ ಅವನಿಗೆ ಸಿಗುತ್ತಿರಲಿಲ್ಲ. ಕಿಟಕಿಯಾಚೆ ಅರಿಶಿನದ ಹೊಲಗಳು ಹಿಂದಕ್ಕೆ ಓಡುತ್ತಿದ್ದವು. ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ಕೂತಿತ್ತು, ಮಳೆ ಸುರಿಸುವ ಇರಾದೆಯಿಲ್ಲದೆ, ಸುಮ್ಮನೆ ನೋಡಲು ಬಂದಂತೆ. ತಾನು ನೋಡಹೊರಟ, ಬಲಗೈಯ ಹೆಬ್ಬೆರಳಿಲ್ಲದವನು ಮೋಸಂಬಿ ಸುಲಿಯುವುದು ಹೇಗೆ ಎಂಬುದು ಆಗ ಹೊಳೆಯಿತು. ಬಾಳೆಹಣ್ಣು ತರಬೇಕಿತ್ತು. ಬಾಳೆಹಣ್ಣಾದರೂ ಏನು, ಅದನ್ನೂ ಸುಲಿಯಬೇಕು.

ಫ್ಯಾಕ್ಟರಿಯಲ್ಲಿ ಅವನ ಹೆಸರು ಡೈಲಾಗ್ ರಂಗ. ಊರಿನ ಕರಿಕಲ್ಲನ್ನು ಸೀಳಿ, ಉಜ್ಜಿ, ಕನ್ನಡಿ ಮಾಡಿ, ಯೂರೋಪಿನಲ್ಲಿ ಸತ್ತವರ ಹೆಸರು ಕೆತ್ತಿ ಹಡಗಿಗೆ ಕಳಿಸುವ ಫ್ಯಾಕ್ಟರಿ ಅದು. ಸಾಹುಕಾರ ಮಲ್ಲಿಕಾರ್ಜುನಸ್ವಾಮಿ ಹಳೆಯ ಕೆತ್ತನೆ ಮಿಷನ್ನೊಂದನ್ನು ಅಗ್ಗಕ್ಕೆ ತರಿಸಿದ್ದ. ಬಂದ ಮೂರೇ ತಿಂಗಳಿಗೆ ಅದರ ಮಿದುಳು ಸುಟ್ಟುಹೋಯಿತು. ಡಿಪ್ಲೊಮಾ ಮುಗಿಸಿ ತನ್ನೂರು ಉಡಿಗಾಲದಲ್ಲಿ ಸುಮ್ಮನೆ ಕೂತಿದ್ದ ರಂಗ ಬಂದು, ಮ್ಯಾಗಝೀನಿನ ಜೊತೆ ಪುಕ್ಕಟೆ ಸಿಕ್ಕ ಸೀಡಿಯಿಂದ ಆಫೀಸಿನ ಕಂಪ್ಯೂಟರಿಗೆ ಲಿನಕ್ಸ್ ವ್ಯವಸ್ಥೆ ಹಾಕಿ, ಮಿಷನ್ನನ್ನು ಮಾತಾಡಿಸುವ ಡ್ರೈವರನ್ನು ತಾನೇ ಬರೆದು, ಅದನ್ನು ಕರ್ನೆಲ್ಲಿನೊಳಗೆ ಸೇರಿಸಿದ. ಕರ್ನೆಲ್ ಎಂದರೆ ಕಂಪ್ಯೂಟರಿನ ಒಳಮನೆ. ಮಿಕ್ಕ ಪ್ರೋಗ್ರಾಂಗಳೆಲ್ಲ ಜಗುಲಿಯಲ್ಲಿ ಕೂತು ಹೋಗುವ ನೆಂಟರು, ತರಲೆ ಮಾಡಿದರೆ ಎಬ್ಬಿಸಿ ಕಳಿಸಬಹುದು. ಒಳಮನೆಗೆ ಹೊಕ್ಕವನ ಕೈ ಹಿಡಿಯುವವರಿಲ್ಲ. ಮಿಷನ್ ಮತ್ತೆ ಓಡಿದ ದಿನ ಸಾಹುಕಾರ ಎಲ್ಲರಿಗೂ ಮೈಸೂರ್‌ಪಾಕು ಹಂಚಿದ. ರಂಗ ಆ ಸಂತೋಷದಲ್ಲಿ ಮಿಷನ್ನಿಗೆ ಒಂದು ಆಟ ಕಲಿಸಿದ: ಮಹಡಿಯ ಕೋಣೆಯಲ್ಲಿ ಕೂತು ಒಂದು ಕೀಲಿ ಒತ್ತಿದರೆ, ಕೆಳಗೆ ವಜ್ರದ ಮೊನೆಯ ಆ ಭಾರೀ ತಲೆ ಗಾಳಿಯಲ್ಲೇ ಮೂರು ಸಲ ಬಗ್ಗಿ ನಮಸ್ಕಾರ ಮಾಡುತ್ತಿತ್ತು. ಕಲ್ಲು ಒರೆಸಲು ಬಂದವರು ಎಗರಿ ಬೀಳುತ್ತಿದ್ದರು. ಮೈಕಿನಲ್ಲಿ ಅವನ ದನಿ ಬರುತ್ತಿತ್ತು: "ಹೆದರಬೇಡ ಮಗೂ! ಕಲ್ಲಿಗೂ ಒಂದು ಕರುಳಿದೆ!" ಪುಟ್ಟಮಾದಯ್ಯ ಮಾತ್ರ ಎಗರುತ್ತಿರಲಿಲ್ಲ. ತಲೆಯೆತ್ತಿ ಗಾಜಿನ ಕಿಟಕಿಯ ಕಡೆ ನೋಡಿ, "ಅಗಲ್ಲಾ, ಬಣ್ಣ ಅಚ್ಕಂಡ್ ನಾಟ್ಕಕ್ಕಾರು ಸೇರ್ಕಬಾರ್ದಾ" ಎಂದು ಬೀಡಿ ಕಚ್ಚಿಕೊಂಡೇ ಬೈಯುತ್ತಿದ್ದ.

ಆವತ್ತೂ ಆ ಕಿಟಕಿ ಹಾಗೇ ಇತ್ತು. ಹೆಸರುಗಳನ್ನು ಟೈಪು ಮಾಡಿ ಕಳಿಸುವ ಕುಮಾರಿ ರಜೆಯಲ್ಲಿದ್ದಳು, ಅವಳ ಕುರ್ಚಿಯಲ್ಲಿ ರಂಗ ಕೂತಿದ್ದ. ಕೆಲಸ ನಿಂತಿದೆ ಎನ್ನುವ ಹಸಿರು ದೀಪ ಹತ್ತಿತು, ಅವನು ಮುಂದಿನ ಹೆಸರು ಕಳಿಸಿದ, ಕೆಳಗಿನಿಂದ ಒಂದು ಸದ್ದು ಬಂತು. ಕೂಗಲ್ಲ. ಕೂಗು ಆಮೇಲೆ ಬಂದದ್ದು. ಮೊದಲು ಬಂದದ್ದು ಹಸಿ ಕಡ್ಡಿ ಮುರಿದಂಥ ಸದ್ದು, ಅದು ಗಾಜಿನ ಆಚೆಯಿಂದ ಕೇಳಿಸಲು ಸಾಧ್ಯವೇ ಇಲ್ಲ, ಆದರೂ ಅವನಿಗೆ ಕೇಳಿಸಿತು. ಕಪ್ಪು ಕನ್ನಡಿಯಂಥ ಕಲ್ಲಿನ ಮೇಲೆ ನೆತ್ತರು ಕೆಂಪಾಗಿ ಕಾಣುತ್ತಲೇ ಇರಲಿಲ್ಲ, ಒದ್ದೆಯಾಗಿ ಮಾತ್ರ ಕಂಡಿತು. ಪುಟ್ಟಮಾದಯ್ಯನ ಬಲಗೈಯ ಹೆಬ್ಬೆರಳೂ ಅದರ ಪಕ್ಕದ ಬೆರಳೂ ಹೋದವು. ದೀಪ ಹಸಿರಾಗಿರುವಾಗ, ಕೆಳಗಿನವರು ಸರಿ ಎಂಬ ಬಟನ್ ಒತ್ತದೆ, ತಲೆ ಇಳಿಯುವುದು ಹೇಗೆ? ಸಂಜೆಯೊಳಗೆ ಉತ್ತರ ಸಿದ್ಧವಾಯಿತು. ಪುಟ್ಟಮಾದಯ್ಯ ಕುಡಿದಿದ್ದ, ಮಿಷನ್ ಓಡುತ್ತಿರುವಾಗಲೇ ಕೈ ಹಾಕಿದ. ಆಶ್ಚರ್ಯವೆಂದರೆ ಆಸ್ಪತ್ರೆಯಲ್ಲಿ ಅವನೇ ಹಾಗೆ ಹೇಳಿದ. ರಂಗ ಅಂದಿನಿಂದ ತನ್ನ ಕೋಡನ್ನು ಓದುತ್ತಲೇ ಇದ್ದ, ಒಂದೂ ತಪ್ಪು ಕಾಣಲಿಲ್ಲ. ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಂತೆ, ಎಲ್ಲ ಇರಬೇಕಾದಲ್ಲೇ ಇತ್ತು. ಪುಟ್ಟಮಾದಯ್ಯನ ಜಾಗಕ್ಕೆ ಮೂಗಯ್ಯ ಬಂದ. ರಂಗ ನಮಸ್ಕಾರದ ಆಟವನ್ನು ಅಳಿಸಿಹಾಕಿದ. ಆದರೆ ಅವನು ಊಟದ ಶೆಡ್ಡಿಗೆ ಹೋದರೆ ಮಾತು ಒಂದು ಗಳಿಗೆ ನಿಂತು ಆಮೇಲೆ ಶುರುವಾಗುತ್ತಿತ್ತು.

ಗುಂಡ್ಲುಪೇಟೆಯ ಪುಟ್ಟಮಾದಯ್ಯನ ಮನೆಯ ಬಾಗಿಲು ಎಷ್ಟು ಗಿಡ್ಡವೆಂದರೆ ಬಗ್ಗದೆ ಒಳಗೆ ಹೋಗುವಂತಿರಲಿಲ್ಲ. ಬಗ್ಗಿಕೊಂಡು ಬಂದವನನ್ನು ಕಂಡು ರಾಚಮ್ಮ ಗಂಡನ ಕಡೆ ತಿರುಗಿ, "ನಿಮ್ ಈರೋ ಬಂದವ್ನೆ" ಎಂದಳು. ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಕೂರುವುದು ಸುಲಭವಾಗುತ್ತಿತ್ತು. ಪುಟ್ಟಮಾದಯ್ಯ ಗೋಡೆಗೆ ಒರಗಿ ಕೂತಿದ್ದ, ಬಟ್ಟೆ ಸುತ್ತಿದ ಕೈಯನ್ನು ಮಗುವಿನಂತೆ ಎದೆಗೆ ಇಟ್ಟುಕೊಂಡಿದ್ದ. ರಂಗ ಸಾಹುಕಾರನ ಮಾತನ್ನು ಒಪ್ಪಿಸಿದ: ಕೈ ವಾಸಿಯಾದ ಮೇಲೆ ಗೇಟು ಕಾಯುವ ಕೆಲಸ ಕೊಡುತ್ತಾರೆ, ಕುಡಿದಿದ್ದೆ ಅಂತ ಒಪ್ಪಿಕೊಂಡಿದ್ದೀಯಲ್ಲ, ಅದು ಹಾಗೇ ಇರಲಿ.

"ಇರ್ಲಿ ಬುಡು" ಎಂದ ಪುಟ್ಟಮಾದಯ್ಯ.

"ನೀನು ಕುಡ್ದಿದ್ದಾ ಮಾವ?"

ರಾಚಮ್ಮ ಒಲೆಯ ಮುಂದಿನಿಂದ ತಿರುಗಿದಳು. "ಗುಡ್ಡಪ್ಪನ್ ಹರಕೆ ಹೊತ್ತು ಕುಡಿಯಾದ್ ಬುಟ್ಟು ಯಾವ್ ಕಾಲಾಯ್ತು, ಮೂಸೂ ನೋಡಿಲ್ಲ. ಕೇಳು, ಕೇಳ್ಕ. ಯಾಕಂಗಂದ್ರು ಅಂತವ ಕೇಳ್ಕ."

"ನೀ ಸುಮ್ಕಿರಮ್ಮಿ."

"ಯಾನ ಸುಮ್ಕಿರಾದು? ನಿನ್ ಎಸ್ರು ಏಳುದ್ರೆ ಪೊಲೀಸ್ನೋರು ಎಳ್ಕೊಂಡೋಗ್ಬುಡ್ತಾರೆ ಅಂತವ ಕಣಪ್ಪ! ಉಡ್ಗ, ಆಟಕ್ ಮಾಡವ್ನೆ, ಅಂವ್ನ್ ಬಾಳು ಯಾಕ್ ಆಳಾಗ್ಬೇಕು ಅಂದ್ರು."

ರಂಗನಿಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯಲ್ಲಿ ಇದ್ದಬದ್ದ ಬಿಸಿಯೆಲ್ಲ ಕಿವಿಗೆ ಏರಿತು. ಇವರು ತನ್ನನ್ನು ಕ್ಷಮಿಸಿಬಿಟ್ಟಿದ್ದಾರೆ. ಮಾಡದ ತಪ್ಪಿಗೆ, ಮಾಡಿದವನೆಂದೇ ನಂಬಿ, ಕೇಳದೆಯೇ. "ಇಲ್ಲ ಮಾವ, ಅದು ಆಟ ಅಲ್ಲ. ಅಮ್ಮನಾಣೆ. ಅವತ್ತು ನಾನು ನಮಸ್ಕಾರದ ಕೀಲಿ ಮುಟ್ಟೇ ಇಲ್ಲ." ಹೇಳುತ್ತಿರುವಾಗಲೇ ಆ ಮಾತು ಸುಳ್ಳಿನಂತೆ ಕೇಳಿಸಿತು. ಅಮ್ಮನಾಣೆ ಎಂಬ ಪದ ಅವನ ಬಾಯಲ್ಲಿ ಎಷ್ಟು ಸಲ ತಮಾಷೆಗೆ ಸವೆದಿತ್ತೆಂದರೆ ಈಗ ಅದಕ್ಕೆ ಹಿಡಿಯೇ ಇರಲಿಲ್ಲ. ಪುಟ್ಟಮಾದಯ್ಯ ಎಡಗೈಯೆತ್ತಿ, "ಬುಡು, ಬುಡು. ಓದದ್ದು ಓಯ್ತು" ಎಂದ. ಆ ಎರಡು 'ಬುಡು'ಗಳನ್ನು ರಂಗ ಇಡೀ ಜನ್ಮ ಹೊರಬೇಕಾಗುತ್ತದೆ ಅನ್ನಿಸಿತು. ಬೇರೇನಾದರೂ ಮಾತಾಡಬೇಕೆಂದು, ಹಸಿರು ದೀಪ ಹತ್ತಿತ್ತಲ್ಲ, ಕೆಲಸ ಮುಗಿದ ಮೇಲೂ ನೀನು ಮೊನೆಯ ಕೆಳಗೆ ಕೈ ಯಾಕೆ ಇಟ್ಟಿದ್ದೆ ಎಂದು ಕೇಳಿದ.

"ಮುಗ್ದಿರ್ನಿಲ್ಲ ಕಣಪ್ಪ. ನಾನೇ ನಿಲ್ಲಿಸ್ದೆ." ಪುಟ್ಟಮಾದಯ್ಯ ಹೆಂಡತಿಯ ಕಡೆ ನೋಡಿ ದನಿ ತಗ್ಗಿಸಿದ. "ಸಾವ್ಕಾರ್ರಿಗೆ ಏಳಬ್ಯಾಡ. ಸತ್ತೋರ್ ಎಸ್ರ ಕೊನೆ ಅಕ್ಸರವ ಮಿಸನ್ ಕೈಲಿ ಮುಗಿಸ್ಬಾರ್ದು. ನಮ್ಮಪ್ಪನ್ ಕಾಲ್ದಲ್ಲಿ ಮಿಸನ್ನೇ ಇರ್ನಿಲ್ಲ, ಸರಿ. ಈಗ ಬಂದದೆ. ಬಂದ್ರೂವೆ, ಮನುಸ ಸತ್ತದ್ಕೆ ಒಬ್ಬ ಮನುಸನ್ ಕೈಯಾದ್ರೂ ಮುಟ್ಬೇಕಲ್ವಾ? ಕೊನೇದೊಂದು ಇದ್ದಂಗೆ ನಿಲ್ಲಿಸ್ಬುಟ್ಟು, ಕಲ್ನ ಕಣ್ಗೊತ್ಕಂಡು, ಉಳಿಲಿ ನಾವೇ ಮುಗಿಸ್ತೀವಿ. ಎಲ್ರೂವೆ. ಮೂಗಯ್ಯನೂವೆ."

ರಾಚಮ್ಮ ಕೊಟ್ಟ ಕಾಫಿಯನ್ನು ಅವನು ಕುಡಿದನೋ ಬಿಟ್ಟನೋ. ವಾಪಸು ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಾಗ ಅವನೊಳಗೆ ಯಾರೋ ಕೋಡನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದು ಹೆಸರು ಬಂದರೆ ಅದಕ್ಕೆ ಮೆಮೊರಿಯಲ್ಲಿ ಒಂದು ಜಾಗ ಕೇಳು. ಒಂದೊಂದು ಗೀಟಿನ ನಡುವೆ ಮೊನೆ ತಣ್ಣಗಾಗಲು ಬಿಡುವು ಕೊಡು, ಬಿಡುವು ಮುಗಿದಾಗ ಎಬ್ಬಿಸಲು ಒಂದು ಟೈಮರ್ ಇಡು, ಟೈಮರಿನ ಕೈಯಲ್ಲಿ ಆ ಜಾಗದ ವಿಳಾಸ ಕೊಡು. ಕೊನೆಯ ಗೀಟು ಮುಗಿದರೆ ಹೊಸ ಟೈಮರ್ ಬೇಡ, ಜಾಗವನ್ನು ಬಿಟ್ಟುಕೊಡು, ಹಸಿರು ದೀಪ ಹತ್ತಿಸು. ಚೆಂದ. ಕೊನೆಯವರೆಗೂ ಹೋದರೆ ಎಲ್ಲ ಚೆಂದ. ಅವನು ಪರೀಕ್ಷೆ ಮಾಡಿದಾಗೆಲ್ಲ ಹೆಸರನ್ನು ಕೊನೆಯವರೆಗೂ ಕೆತ್ತಿಸಿದ್ದ. ಅರ್ಧಕ್ಕೆ ಯಾರು ನಿಲ್ಲಿಸುತ್ತಾರೆ? ನಿಲ್ಲಿಸಿದರೆ ಉಳಿದ ಗೀಟು ಸೊನ್ನೆ ಎಂದು ಬರೆದು, ಜಾಗ ಬಿಟ್ಟುಕೊಟ್ಟು, ದೀಪ ಹತ್ತಿಸುತ್ತಿದ್ದ. ಟೈಮರನ್ನು ಹಿಂದಕ್ಕೆ ಕರೆದಿರಲಿಲ್ಲ. ಅದು ಬಿಡುವು ಮುಗಿಯುವವರೆಗೂ ಕಾದು, ಕೈಯಲ್ಲಿ ಹಳೆಯ ವಿಳಾಸ ಹಿಡಿದು, ತನ್ನದಲ್ಲದ ಮನೆಯ ಬಾಗಿಲಿಗೆ ಬರುತ್ತದೆ. ಮನೆ ಖಾಲಿಯಿದ್ದರೆ, ಸೊನ್ನೆ ನೋಡಿ ಸುಮ್ಮನೆ ಹೋಗುತ್ತದೆ. ಕುಮಾರಿ ನಿಧಾನದ ಹುಡುಗಿ, ಹಸಿರು ದೀಪ ಬಂದ ಮೇಲೆ ಜಡೆ ಮುಂದಕ್ಕೆ ಹಾಕಿಕೊಂಡು, ಮುಂದಿನ ಹೆಸರು ಹುಡುಕಿ, ಟೈಪು ಮಾಡುವಷ್ಟರಲ್ಲಿ ಟೈಮರ್ ಬಂದು ಹೋಗಿರುತ್ತಿತ್ತು. ಆದರೆ ಆವತ್ತು ಕೂತಿದ್ದವನು ರಂಗ. ಫ್ಯಾಕ್ಟರಿಯಲ್ಲೇ ಬೆರಳು ಚುರುಕಿನವನು. ಮುಂದಿನ ಹೆಸರನ್ನು ಮೊದಲೇ ಟೈಪು ಮಾಡಿಟ್ಟುಕೊಂಡು, ದೀಪ ಹತ್ತಿದ ಗಳಿಗೆಯಲ್ಲೇ ಒತ್ತಿದ್ದ. ಸಲ ಸಲವೂ ಹಾಗಾಗುವುದಿಲ್ಲ, ಆ ಸಲ ಮಾತ್ರ ಈಗ ತಾನೇ ಖಾಲಿಯಾದ ಜಾಗವನ್ನೇ ಕರ್ನೆಲ್ ಹೊಸ ಹೆಸರಿಗೆ ಕೊಟ್ಟಿತು. ಹಳೆಯ ಟೈಮರ್ ಬಾಗಿಲು ತೆರೆದು ನೋಡಿದರೆ ಒಳಗೆ ಗೀಟುಗಳಿದ್ದವು. ಕೆಳಗೆ ಯಾರೂ ಸರಿ ಎನ್ನುವ ಮೊದಲೇ ತಲೆ ಇಳಿಯಿತು.

ಅವನಿಗೆ ಒಂದು ಬಗೆಯ ಹಾಳು ಸಂತೋಷವೂ ಆಯಿತು. ಸಿಕ್ಕಿತಲ್ಲ. ಆ ಸಂತೋಷಕ್ಕೆ ನಾಚಿಕೊಳ್ಳುವಷ್ಟರಲ್ಲಿ ಬೆಳಗಿನದು ನೆನಪಾಯಿತು. ಈ ವಾರ ಕಂಟೇನರ್ ಹೊರಡಬೇಕು, ಕೆಲಸ ಬೇಗ ಆಗಬೇಕು ಎಂದು ಸಾಹುಕಾರ ಕೂಗಾಡಿದ್ದ. ಬಸ್ಸಿಗೆ ಹೊರಡುವ ಮೊದಲು ರಂಗ ಕುಮಾರಿಯ ಕುರ್ಚಿಯ ಹಿಂದೆ ನಿಂತು ದೊಡ್ಡ ಗುರುವಿನಂತೆ ಹೇಳಿಕೊಟ್ಟಿದ್ದ: ಮುಂದಿನ ಹೆಸರು ಮೊದಲೇ ಟೈಪು ಮಾಡಿಟ್ಕೊ. ಕಣ್ಣು ದೀಪದ ಮೇಲಿರಲಿ. ಹಸಿರು ಬಂತಾ, ಒತ್ತು.

ಬಸ್ಸು ತೆರಕಣಾಂಬಿಯಲ್ಲಿ ನಿಂತಿತು. ಡ್ರೈವರ್ ಟೀಗೆ ಇಳಿದ. ರಂಗ ಎಸ್‌ಟಿಡಿ ಬೂತಿಗೆ ಓಡಿದ. ಫೋನು ಬಹಳ ಹೊತ್ತು ಬಡಿದುಕೊಂಡ ಮೇಲೆ ಕುಮಾರಿ ಎತ್ತಿದಳು.

"ಕುಮಾರಿ, ಹಸ್ರು ದೀಪ ಬಂದ್ರೆ ಒತ್ತಬ್ಯಾಡ. ಮೂಗಯ್ಯನ ಕೈ ಅಲ್ಲೇ ಇರ್ತದೆ. ಮಿಷನ್ನು ಇಳಿದ್ಬುಡ್ತದೆ."

ಆ ಕಡೆಯಿಂದ ಕಿಲಕಿಲ. "ಸುರುವಾಯ್ತಾ ರಂಗಣ್ಣ? ಮೊನ್ನೆ ಬೆಂಕಿ ಬಿದ್ದದೆ ಅಂತ ಫೋನ್ ಮಾಡಿ ಎಲ್ರ ತಲೆ ಮೇಲೂ ಬಕೆಟ್ ಒರಿಸಿದ್ರಲ್ಲ, ಅದ್ರ ಎರಡ್ನೇ ಭಾಗವಾ ಇದು?"

"ಆಟ ಅಲ್ಲ ಕಣಮ್ಮಿ! ಪುಟ್ಟಮಾದಯ್ಯನ ಬೆರಳು ಹಿಂಗೇ ಓದದ್ದು!"

"ಅಯ್ಯೋ, ಅಂಥದ್ರಲ್ಲೆಲ್ಲ ತಮಾಸೆ ಮಾಡ್ಬಾರ್ದು ಬುಡಿ" ಎಂದಳು, ಈ ಸಲ ನಗದೆ. ಫೋನು ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎಂಗೇಜು. ಬೂತಿನವನು ಗಾಜಿನಾಚೆಯಿಂದ ಅವನನ್ನೇ ನೋಡುತ್ತಿದ್ದ. ಬಸ್ಸಿನ ಡ್ರೈವರ್ ಎರಡನೆಯ ಟೀ ಹೇಳಿದ್ದ. ಚೆಂಡುಹೂವಿನ ಮೂಟೆ ಹೊತ್ತ ಒಂದು ಟೆಂಪೋ ಚಾಮರಾಜನಗರದ ಕಡೆ ಹೊರಟಿತ್ತು, ರಂಗ ಓಡಿ ಹಿಂದಿನಿಂದ ಹತ್ತಿಕೊಂಡ. ಹೂವಿನ ಮೂಟೆಗಳ ಮೇಲೆ ಅಂಗಾತ ಬಿದ್ದವನಿಗೆ ಆ ವಾಸನೆ ಹೆಣ ಸಾಗಿಸುವಾಗಿನದು ಅನ್ನಿಸಿತು. ಎದ್ದು ಕೂತ. ಕೂತರೆ ಟೆಂಪೋ ನಿಧಾನವಾಗಿ ಹೋಗುತ್ತಿದೆ ಅನ್ನಿಸಿತು. ಮೂಗಯ್ಯ ಎಡಚ ಎಂಬುದು ಯಾಕೋ ನೆನಪಾಯಿತು. ಉಳಿ ಯಾವ ಕೈಯಲ್ಲಿ ಹಿಡಿಯುತ್ತಾನೆ? ಯಾವ ಕೈ ಹೋದರೆ ಏನು ಮಾಡಬಲ್ಲ? ಹೀಗೆ ಲೆಕ್ಕ ಹಾಕುತ್ತಿರುವ ತನ್ನನ್ನು ಯಾರಾದರೂ ಕೆನ್ನೆಗೆ ಬಾರಿಸಬಾರದೇ. ಕೈಕಂಬಗಳ ಮೇಲೆ 'ಜಿಲ್ಲಾ ಕೇಂದ್ರ' ಎಂದು ಹೊಸದಾಗಿ ಬರೆದ ಬಣ್ಣ ಇನ್ನೂ ಹಸಿಹಸಿಯಾಗಿ ಹೊಳೆಯುತ್ತಿತ್ತು.

ಫ್ಯಾಕ್ಟರಿಯ ಶೆಡ್ಡಿಗೆ ನುಗ್ಗಿದಾಗ ಮೂಗಯ್ಯ ಕಲ್ಲಿಗೆ ಹಣೆ ಮುಟ್ಟಿಸಿ ಆಗ ತಾನೇ ತಲೆ ಎತ್ತುತ್ತಿದ್ದ. ಉಳಿ ಕೈಯಲ್ಲಿತ್ತು. ಅವನ ಮೇಲೆ ಮೊನೆ ತೂಗುತ್ತಿತ್ತು. ಗೋಡೆಯ ದೀಪ ಆಗಲೇ ಕೆಂಪಿನಿಂದ ಹಸಿರಾಗಿತ್ತು. ರಂಗ ಕೂಗಿದ್ದರೂ ಯಾರೂ ನಂಬುತ್ತಿರಲಿಲ್ಲ. ಓಡಿಹೋಗಿ ಮೇನ್ ಸ್ವಿಚ್ಚಿನ ಹಿಡಿ ಹಿಡಿದು ಕೆಳಕ್ಕೆ ಎಳೆದ. ಇಡೀ ಶೆಡ್ಡು ಒಮ್ಮೆಗೇ ಉಸಿರು ಬಿಟ್ಟಿತು. ಆ ಬದಿಯಲ್ಲಿ ಉಜ್ಜುತ್ತಿದ್ದ ಚಕ್ರ ಕಚ್ಚಿಕೊಂಡು ನಿಂತು, ಒಂದು ಕಲ್ಲಿನ ಮೂಲೆ ಚಟ್ ಎಂದು ಹಾರಿತು. "ಸ್ಟಾರ್ಟ್ ಕ್ಯಾಮ್ರಾ!" ಎಂದು ಕತ್ತಲಲ್ಲಿ ಯಾರೋ ಕೂಗಿದರು. ನಗು. ಮಹಡಿಯ ಮೆಟ್ಟಿಲ ಮೇಲೆ ಕುಮಾರಿ ಬಂದು ನಿಂತಳು.

"ಒತ್ತಿದ್ಯಾ?" ಎಂದ ರಂಗ.

"ಊಂ. ದೀಪ ಬಂದ ತಕ್ಷಣ. ನೀವೇ ಏಳ್ಕೊಟ್ರಲ್ಲ" ಎಂದಳು. ಆಮೇಲೆ ಅವನ ಮುಖ ನೋಡಿ ಮೆಟ್ಟಿಲ ಮೇಲೇ ಕೂತಳು.

ಮೊನೆ ಇಳಿಯುತ್ತಿತ್ತೋ ಇಲ್ಲವೋ ಇನ್ನು ಯಾರಿಗೂ ಗೊತ್ತಾಗುವಂತಿರಲಿಲ್ಲ. ಸಾಹುಕಾರ ಮಲ್ಲಿಕಾರ್ಜುನಸ್ವಾಮಿ ಮೂಲೆ ಹಾರಿದ ಕಲ್ಲನ್ನು ಸವರಿ ನೋಡಿ, "ಯಾನ್ಲಾ ಇದು?" ಎಂದ. ರಂಗ ಹೇಳಿದ. ಉಳಿಯ ಸಂಗತಿ ಹೇಳದೆ ಮಿಕ್ಕದ್ದನ್ನು ಹೇಳಲು ಹೋಗಿ ತಡವರಿಸಿದ. ಮೂಗಯ್ಯನೇ ಮುಂದೆ ಬಂದು, "ಕೊನೆ ಅಕ್ಸರ ನಾವ್ ಒಡೀತೀವಿ ಬುದ್ಧಿ" ಎಂದು ಒಪ್ಪಿಕೊಂಡ.

"ಅಂಗಾದ್ರೆ ಸುಲ್ಬ" ಎಂದ ಸಾಹುಕಾರ. "ಹೆಸ್ರು ಪೂರ್ತಿ ಆಗೋತಂಕ ನಿಲ್ಲಿಸೋ ಬಟನ್ನೇ ಕೆಲಸ ಮಾಡ್ಬಾರ್ದು, ಹಂಗ್ ಬರಿ. ಇವ್ರ ಶಾಸ್ತ್ರ ನಿಂತೋಯ್ತದೆ, ನಿನ್ ತೊಂದ್ರೇನೂ ನಿಂತೋಯ್ತದೆ. ಪುಟ್ಟಮಾದಯ್ಯ ಕುಡಿದಿದ್ದ ಅನ್ನೋದು ಹಂಗೇ ಇರ್ಲಿ."

"ಕುಡ್ದಿರ್ನಿಲ್ಲ" ಎಂದ ರಂಗ. ದನಿ ಜಾಸ್ತಿಯೇ ಏರಿತು, ಕೊನೆಯ ಬೆಂಚಿನವರಿಗೂ ಕೇಳುವ ನಾಟಕದ ದನಿ ಅದು, ಅವನಿಗೆ ಬೇರೆ ದನಿ ಇರಲಿಲ್ಲ. "ಮಿಷನ್ನೇ ಇಳೀತು. ಬರೆದೋನು ನಾನು, ಒತ್ತಿದೋನೂ ನಾನು." ಒಬ್ಬಿಬ್ಬರು ನಕ್ಕರು. ಮೂಗಯ್ಯ ನಗಲಿಲ್ಲ. ಹತ್ತಿರ ಬಂದು ಕೇಳಿದ: "ನಿಜಕ್ಕೆ ಏಳ್ತಿದ್ದೀಯೋ, ಆಟಕ್ಕೆ ಏಳ್ತಿದ್ದೀಯೋ ಅಂತವ ನಂಗೆಂಗ್ಲಾ ಗೊತ್ತಾದದು?"

ರಂಗ ಮಹಡಿಗೆ ಹೋದ. ತಿದ್ದಬೇಕಾದದ್ದು ಇಷ್ಟೇ: ಜಾಗ ಬಿಟ್ಟುಕೊಡುವ ಸಾಲಿಗಿಂತ ಮೊದಲು ಟೈಮರನ್ನು ಹಿಂದಕ್ಕೆ ಕರೆಯುವ ಒಂದು ಸಾಲು. ದೀಪ ಎಲ್ಲಕ್ಕಿಂತ ಕೊನೆಗೆ. ಒಂದು ಸಾಲು. ಅದು ಇಷ್ಟು ಚಿಕ್ಕದಾಗಿರುವುದು ಅನ್ಯಾಯ ಅನ್ನಿಸಿತು. ಎರಡು ಬೆರಳಿಗೆ ಸಮನಾಗಿ ಕನಿಷ್ಠ ಒಂದು ಪುಟವಾದರೂ ತಪ್ಪಿರಬೇಕಿತ್ತು. ಹೊಸ ಕರ್ನೆಲ್ ಕಂಪೈಲ್ ಆಗುತ್ತಿರುವಷ್ಟು ಹೊತ್ತು ಪರದೆಯ ಮೇಲೆ ಸಾಲುಗಳು ಹರಿಯುತ್ತಲೇ ಇದ್ದವು. ಇಷ್ಟು ದೊಡ್ಡ ಒಳಮನೆಯಲ್ಲಿ ತಾನು ಹೊಕ್ಕು ನೋಡಿದ್ದು ಒಂದು ಮೂಲೆ. ಇನ್ನೊಂದು ಮೂಲೆಯಲ್ಲಿ ಇನ್ನೊಬ್ಬ ಯಾರೋ, ಯಾವ ದೇಶದವನೋ, ಚೆಂದ ಎಂದುಕೊಂಡು ಬಿಟ್ಟುಹೋದದ್ದು ಏನಿದೆಯೋ. ನಿಲ್ಲಿಸುವ ಬಟನ್ನನ್ನು ಅವನು ಮುಟ್ಟಲಿಲ್ಲ.

ಮಿಷನ್ ಮತ್ತೆ ಎದ್ದಾಗ ಇಳಿಬಿಸಿಲು ಶೆಡ್ಡಿನ ತಗಡಿನ ತೂತುಗಳಿಂದ ಬೀಳುತ್ತಿತ್ತು. ಎಲ್ಲರೂ ಸುತ್ತ ನಿಂತಿದ್ದರು, ಆದರೆ ಮೂಗಯ್ಯ ಕಲ್ಲಿನ ಹತ್ತಿರ ಹೋಗಲಿಲ್ಲ. ಸರಿಯಾಗಿದೆ ಎಂದು ತೋರಿಸು ಎಂದರು. ತಲೆ ಇಳಿಯದೇ ಇರುವುದನ್ನು ತೋರಿಸುವುದು ಹೇಗೆ? ರಂಗ ತೋಳು ಮಡಿಸಿ, ಮೊನೆಯ ಕೆಳಗೆ, ಅರ್ಧ ಹೆಸರಿನ ಪಕ್ಕದ ಒದ್ದೆ ಕಲ್ಲಿನ ಮೇಲೆ ತನ್ನ ಬಲಗೈಯನ್ನು ಅಂಗೈ ಕೆಳಗಾಗಿ ಇಟ್ಟ. ಕಲ್ಲು ತಣ್ಣಗಿತ್ತು. ಅದರ ಕನ್ನಡಿಯಲ್ಲಿ ಅವನ ಮುಖ, ಮುಖದ ಮೇಲೆ ಮೊನೆ. ಬಾಯಿ ತೆರೆದರೆ ಒಂದು ಡೈಲಾಗಾದರೂ ಬರುತ್ತದೆ ಎಂದು ಎಲ್ಲರೂ ಕಾದರು. ಬರಲಿಲ್ಲ.

"ನಿಲ್ಲಿಸು" ಎಂದ. ಮೂಗಯ್ಯ ಬಟನ್ ಒತ್ತಿದ. ದೀಪ ಹಸಿರಾಯಿತು.

"ಕಳ್ಸ್ಲಾ ರಂಗಣ್ಣ?" ಮೇಲಿನಿಂದ ಕುಮಾರಿ ಕೇಳಿದಳು.

"ಕೇಳ್ಬ್ಯಾಡ. ಕೇಳಿದ್ರೆ ತಡವಾಯ್ತದೆ. ದೀಪ ಬಂದ ತಕ್ಷಣ ಒತ್ತು."

ಮತ್ತೆ ಓಡಿಸಿ, ಮತ್ತೆ ನಿಲ್ಲಿಸಿದರು. ಹಸಿರು. ಒತ್ತಿದ ಸದ್ದು. ಬಿಡುವಿನ ಅಷ್ಟೂ ಹೊತ್ತು ಎಲ್ಲರೂ ಮೊನೆಯನ್ನೇ ನೋಡಿದರು. ಮೊನೆಯಿಂದ ಒಂದು ಹನಿ ನೀರು ಅವನ ಹೆಬ್ಬೆರಳ ಮೇಲೆ ಬಿತ್ತು, ಅವನ ಇಡೀ ಮೈ ಹಿಂದಕ್ಕೆ ಜಿಗಿಯಿತು, ಕೈ ಮಾತ್ರ ಅಲ್ಲೇ ಇತ್ತು. ತಲೆ ಅಲುಗಲಿಲ್ಲ. ಬಿಡುವು ಮುಗಿಯಿತು. ಮೂಗಯ್ಯ ಬಂದು ಅವನ ಕೈಯ ಪಕ್ಕವೇ ಕುಕ್ಕರಗಾಲಲ್ಲಿ ಕೂತು, ಕಲ್ಲನ್ನು ಕಣ್ಣಿಗೊತ್ತಿಕೊಂಡು, ಕೊನೆಯ ಅಕ್ಷರವನ್ನು ಉಳಿಯಿಂದ ಮುಗಿಸಿದ. ಸಾಹುಕಾರ ಅದನ್ನು ನೋಡುತ್ತ ನಿಂತಿದ್ದ. ಹೋಗುವಾಗ, "ನಾಳೆ ಗುಂಡ್ಲುಪೇಟೆಗೆ ನಾನೇ ಬತ್ತೀನಿ" ಎಂದ.

"ನಂಬ್ದೆ ಕಣ್ಲಾ, ಎದ್ದೇಳು" ಎಂದು ಮೂಗಯ್ಯ ಅವನ ಬೆನ್ನು ತಟ್ಟಿದ. "ಟೀ ಕುಡಿಯನ ಬಾ." ಜನ ಮಾತಾಡುತ್ತ ಚದುರಿದರು. ಯಾರೋ ಸಿಳ್ಳೆ ಹಾಕಿದರು.

ರಂಗ ಏಳಲಿಲ್ಲ. ಪುಟ್ಟಮಾದಯ್ಯನ ಬೆರಳು ಹೋಗುವವರೆಗೂ ಅದು ಎಷ್ಟೋ ಸಲ ಇಳಿಯದೆಯೇ ಇತ್ತಲ್ಲ. ಇಳಿಯದೇ ಇದ್ದದ್ದನ್ನೇ ಅವನು ಸರಿಯಾಗಿದೆ ಎಂದುಕೊಂಡಿದ್ದನಲ್ಲ. ಈಗಲೂ ಇಳಿಯಲಿಲ್ಲ, ಅಷ್ಟೇ. ಅವರೆಲ್ಲ ನಂಬಿದ್ದರು. ನಾಳೆಯಿಂದ ಆ ಒಂದು ಸಾಲಿನ ಕೆಳಗೆ, ಕಣ್ಣು ಮುಚ್ಚಿ, ಹಣೆ ಬಗ್ಗಿಸಿ, ಕೈ ಇಡುತ್ತಾರೆ. ಶೆಡ್ಡಿನಲ್ಲಿ ಬಿಸಿಲಿನ ಚುಕ್ಕೆಗಳು ಒಂದೊಂದಾಗಿ ಆರುತ್ತಿದ್ದವು. ಅವನು ಅಂಗೈಯನ್ನು ಕಲ್ಲಿಗೆ ಇನ್ನಷ್ಟು ಒತ್ತಿ, ತಲೆಯೆತ್ತದೆ ಮಹಡಿಯ ಕಡೆ ಕೂಗಿದ.

"ಕುಮಾರಿ, ಇನ್ನೊಂದ್ ಸಲ ಕಳ್ಸು."